ಸಾಲುಗಟ್ಟಿ ಬರುವ ಸೆಳವು: ಆಸ್ಪತ್ರೆಗೆ ಹೊರಡುವ ಹೊತ್ತು ಯಾವುದು?

ಓದುಗರ ಸಮಸ್ಯೆ: ನನಗೆ 38 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಭಾಗಶಃ ಸೆಳವಿಗೆ (ಮಿದುಳಿನ ಒಂದು ಭಾಗದಲ್ಲಿ ಹುಟ್ಟುವ ಫಿಟ್ಸ್) 11 ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂದಂತಾಗುತ್ತದೆ, ಆಮೇಲೆ ಒಂದೆರಡು ನಿಮಿಷ ಎದುರಿನವರ ಮಾತು ಅರ್ಥವಾಗುವುದಿಲ್ಲ. ಹಿಂದೆ ತಿಂಗಳಿಗೊಮ್ಮೆ ಬರುತ್ತಿದ್ದದ್ದು ಈಗ ಒಂದೇ ದಿನದಲ್ಲಿ ನಾಲ್ಕೈದು ಬಾರಿ ಬಂದು, ಮತ್ತೆ ಎರಡು ಮೂರು ವಾರ ಸುಳಿಯುವುದಿಲ್ಲ. ಒಮ್ಮೆ ರಾತ್ರಿ ತುರ್ತು ಚಿಕಿತ್ಸೆಗೆ ಹೋದಾಗ, ಕೈಕಾಲು ಅದುರುತ್ತಿಲ್ಲವೆಂದು ಗ್ಯಾಸ್ಟ್ರಿಕ್‌ಗೆ ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಅಂದಿನಿಂದ ಆಸ್ಪತ್ರೆಗೆ ಹೋಗಲು ಸಂಕೋಚ, ಮನೆಯಲ್ಲೇ ಇರಲು ಭಯ. ಎಲ್ಲಿಯವರೆಗೆ ಕಾಯಬೇಕು, ಯಾವಾಗ ಹೊರಡಬೇಕು?

*

ಸಹೋದರಿಯವರೇ, ನನ್ನ ಪತ್ನಿಗೆ 14 ವರ್ಷಗಳಿಂದ ನಿಮ್ಮಂಥದೇ ಸೆಳವು ಬರುತ್ತಿದೆ. ನಿಮ್ಮ ಪತ್ರವನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದೆಂದರೆ, ಆ ಪ್ರಶ್ನೆಯನ್ನು ನೀವೊಬ್ಬರೇ ಹೊತ್ತುಕೊಂಡಿದ್ದೀರಿ ಎಂಬುದು. ಸೆಳವು ಬಂದಿರುವ ಮಿದುಳಿಗೆ ತನ್ನ ಸ್ಥಿತಿಯನ್ನು ತಾನೇ ಅಳೆಯುವ ಶಕ್ತಿ ಆ ಹೊತ್ತಿನಲ್ಲಿ ಇರುವುದಿಲ್ಲ. ಇದು ನನಗೆ ಅರ್ಥವಾಗಲು ಒಂದು ಕೆಟ್ಟ ಸಂಜೆ ಬೇಕಾಯಿತು. ಅಂದು ಮಧ್ಯಾಹ್ನದ ಊಟದಿಂದ ರಾತ್ರಿಯೊಳಗೆ ಅವಳಿಗೆ ಏಳು ಸಲ ಬಂತು. ಪ್ರತಿ ಸಲವೂ ನಾನು, 'ಆಸ್ಪತ್ರೆಗೆ ಹೋಗೋಣವೇ?' ಎಂದು ಕೇಳಿದೆ. ಪ್ರತಿ ಸಲವೂ ಅವಳು, 'ಏನಿಲ್ಲ, ಆಯಿತು' ಎಂದಳು. ಆ ಉತ್ತರವನ್ನು ನಂಬಿ ನಾನು ಗಂಟೆಗಟ್ಟಲೆ ಕಳೆದೆ. ಏಳನೆಯದರ ನಂತರ ಅವಳಿಗೆ ಮಗಳ ಹೆಸರು ನೆನಪಾಗಲಿಲ್ಲ.

ಅದಾದ ಮೇಲೆ ನಮ್ಮ ನರರೋಗ ತಜ್ಞರು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಮೊದಲ ಸೆಳವಿಗೆ ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು. 24 ಗಂಟೆಯೊಳಗೆ ಮೂರನೆಯದು ಬಂದರೆ, ಪೂರ್ತಿ ಎಚ್ಚರವಾಗಿ ನೀರು ನುಂಗಬಲ್ಲಳೆಂದು ಖಚಿತವಾದ ಮೇಲೆ, ಅವರು ಹೇಳಿದ ಪ್ರಮಾಣದಲ್ಲಿ ಕ್ಲೋಬಜಾಮ್ ಮಾತ್ರೆ ಕೊಡಬೇಕು. ಯಾವುದೇ ಒಂದು ಸೆಳವು 5 ನಿಮಿಷ ದಾಟಿದರೆ, ಅಥವಾ ಒಂದು ಮುಗಿದು ತಿಳಿವು ಮರಳುವ ಮೊದಲೇ ಇನ್ನೊಂದು ಹಿಡಿದರೆ, ಮೂಗಿಗೆ ಮಿಡಜೋಲಾಮ್ ಸ್ಪ್ರೇ ಹಾಕಬೇಕು. ಎಷ್ಟು ಸಲ ಒತ್ತಬೇಕೆಂಬುದನ್ನು ಅವಳ ತೂಕ ನೋಡಿ ಅವರೇ ಬರೆದಿದ್ದಾರೆ. ಅದಕ್ಕೂ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಬಂದರೆ, ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಬೇಕು. 'ಯಾರನ್ನೂ ಕೇಳದೆ' ಎಂಬುದರ ಕೆಳಗೆ ವೈದ್ಯರೇ ಗೆರೆ ಎಳೆದಿದ್ದಾರೆ. ಹಾಳೆಯನ್ನು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇವೆ. ಅದರ ಚಿತ್ರ ಮನೆಯವರೆಲ್ಲರ ಮೊಬೈಲಿನಲ್ಲಿದೆ.

ಈ ಅಂಕಿಗಳು ನನ್ನ ಪತ್ನಿಯವು, ನಿಮ್ಮವಲ್ಲ. ಕೆಲವು ವೈದ್ಯರು 24 ಗಂಟೆಯಲ್ಲಿ ಮೂರು ಬಂದರೆ ಕ್ಲಸ್ಟರ್, ಅಂದರೆ ಸೆಳವಿನ ಸಾಲು, ಎನ್ನುತ್ತಾರೆ, ಕೆಲವರು 6 ಗಂಟೆಯಲ್ಲಿ ಎರಡು ಬಂದರೂ ಹಾಗೆ ಪರಿಗಣಿಸುತ್ತಾರೆ. ನಿಮಗೆ ವಾಡಿಕೆಯಾದದ್ದಕ್ಕಿಂತ ಬೇರೆಯಾದ ದಿನ ಯಾವುದು ಎಂಬುದೇ ಮುಖ್ಯ. ತಿಂಗಳಿಗೊಂದು ಬರುತ್ತಿದ್ದದ್ದು ದಿನಕ್ಕೆ ನಾಲ್ಕೈದಾಗಿದೆ ಎಂದರೆ ನಿಮ್ಮ ರೋಗದ ನಡೆಯೇ ಬದಲಾಗಿದೆ. ಮುಂದಿನ ಸಾಲು ಬರಲೆಂದು ಕಾಯದೆ ಈ ವಾರವೇ ನಿಮ್ಮ ವೈದ್ಯರನ್ನು ಕಂಡು ಇಂಥದೊಂದು ಹಾಳೆ ಬರೆಸಿಕೊಳ್ಳಿ. ನಮ್ಮ ಮನೆ ಮಲೆನಾಡಿನ ಒಳಗಿದೆ, ತಾಲ್ಲೂಕು ಆಸ್ಪತ್ರೆಗೆ 40 ನಿಮಿಷದ ದಾರಿ. ಆದ್ದರಿಂದ ವೈದ್ಯರು ನಮ್ಮ ಗಡಿಗಳನ್ನು ಪೇಟೆಯವರಿಗೆ ಕೊಡುವುದಕ್ಕಿಂತ ಮೊದಲೇ ಇಟ್ಟಿದ್ದಾರೆ. ನಿಮ್ಮ ಮನೆಯಿಂದ ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಅವರಿಗೆ ಹೇಳಿ.

ತಿಳಿವು ಮರಳಿತೇ ಎಂದು ನೋಡಲು ನಾವು 'ಹೇಗಿದ್ದೀಯ' ಎಂದು ಕೇಳುವುದನ್ನು ಬಿಟ್ಟಿದ್ದೇವೆ. ಸೆಳವು ನಡೆಯುತ್ತಿರುವಾಗಲೇ ಒಂದು ಪದ ಹೇಳುತ್ತೇನೆ, 'ತೆಂಗಿನಕಾಯಿ' ಎಂದೋ 'ಕಂಬಳಿ' ಎಂದೋ. ಮುಗಿದ ಮೇಲೆ ಆ ಪದ ಯಾವುದು, ಇವತ್ತು ಯಾವ ವಾರ, ನಾನು ಯಾರು ಎಂದು ಕೇಳುತ್ತೇನೆ. ಪದ ನೆನಪಿದ್ದರೆ ಆ ಸೆಳವಿನಲ್ಲಿ ಪ್ರಜ್ಞೆ ಉಳಿದಿತ್ತೆಂದು ಅರ್ಥ. ಅದು ಮರೆತಿದ್ದರೂ ವಾರ ಮತ್ತು ಮನುಷ್ಯರು ಗುರುತಾದರೆ ಮರಳಿದ್ದಾಳೆಂದು ಅರ್ಥ. ಈ ಉತ್ತರಗಳನ್ನೂ ಸಮಯದ ಜೊತೆಗೆ ಪುಸ್ತಕದಲ್ಲಿ ಬರೆಯುತ್ತೇವೆ. ಆರು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ, ಹೆಚ್ಚಿನ ಸೆಳವಿನ ಸಾಲುಗಳ ಹಿಂದಿನ ರಾತ್ರಿ ಒಂದು ಮದುವೆಯೋ ಪ್ರಯಾಣವೋ ಇದ್ದದ್ದು ಮತ್ತು ರಾತ್ರಿಯ ಮಾತ್ರೆ ತಡವಾದದ್ದು ಕಣ್ಣಿಗೆ ಬಿತ್ತು.
— ಒಬ್ಬ ಪತಿ, ಶಿವಮೊಗ್ಗ ಜಿಲ್ಲೆ

*

ನಾನೂ ನಿಮ್ಮಂತೆ ಸೆಳವಿನೊಡನೆ ಬದುಕುತ್ತಿರುವವಳು. ನಿಮ್ಮ ಪತ್ರದಲ್ಲಿ 'ಎರಡು ಮೂರು ವಾರ ಸುಳಿಯುವುದಿಲ್ಲ' ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ದಯವಿಟ್ಟು ಕ್ಯಾಲೆಂಡರಿನಲ್ಲಿ ಸೆಳವಿನ ದಿನಗಳ ಜೊತೆಗೆ ಮುಟ್ಟಿನ ದಿನಗಳನ್ನೂ ಗುರುತು ಮಾಡಿ. ನನ್ನ ಸಾಲುಗಳೆಲ್ಲವೂ ಮುಟ್ಟಿನ ಹಿಂದಿನ ಎರಡು ದಿನ ಮತ್ತು ಮೊದಲ ಮೂರು ದಿನಗಳಲ್ಲೇ ಬರುತ್ತಿದ್ದವು. ಮೂರು ತಿಂಗಳ ಗುರುತುಗಳನ್ನು ತೋರಿಸಿದ ಮೇಲೆ ವೈದ್ಯರು ಆ ದಿನಗಳಿಗೆ ಮಾತ್ರ ಹೆಚ್ಚುವರಿ ಮಾತ್ರೆ ಬರೆದರು. ಹಾರ್ಮೋನುಗಳ ಏರಿಳಿತಕ್ಕೂ ಸೆಳವಿಗೂ ಇರುವ ಈ ನಂಟು ಅಪರೂಪದ್ದೇನಲ್ಲ. ಆದರೂ ನಾನಾಗಿ ಹೇಳುವವರೆಗೆ ಯಾರೂ ಕೇಳಿರಲಿಲ್ಲ, ಸಂಕೋಚದಿಂದ ನಾನೂ ವರ್ಷಗಟ್ಟಲೆ ಹೇಳಿರಲಿಲ್ಲ.

ತುರ್ತು ಚಿಕಿತ್ಸೆಯಲ್ಲಿ ನಿಮಗಾದ ನೋವು ನನಗೂ ಆಗಿದೆ. ಮೈ ಅದುರಿದರೆ ಮಾತ್ರ ಫಿಟ್ಸ್ ಎಂಬ ಭಾವನೆ ಜನರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಸುಮ್ಮನೆ ಕುಳಿತು ತುಟಿ ಚಪ್ಪರಿಸುತ್ತ ಸೆರಗಿನ ಅಂಚು ಹಿಸುಕುತ್ತಿರುವ ಹೆಂಗಸಿಗೆ ಆತಂಕವೋ ಹೊಟ್ಟೆಯುಬ್ಬರವೋ ಇರಬೇಕೆಂದು ಆಸ್ಪತ್ರೆಯಲ್ಲೂ ಕೆಲವರು ತಿಳಿಯುತ್ತಾರೆ. ನನ್ನ ಚೀಲದಲ್ಲಿ ಈಗ ನನ್ನ ತಜ್ಞರ ಒಂದು ಚೀಟಿ ಇದೆ: ಇವರಿಗೆ ಪ್ರಜ್ಞೆ ಮಸುಕಾಗುವ ಭಾಗಶಃ ಸೆಳವು ಇದೆ, ಕೈಕಾಲು ಅದುರುವುದಿಲ್ಲ, ಗೊಂದಲ ಕಳೆಯದಿದ್ದರೆ ಸೆಳವು ಒಳಗೆ ಮುಂದುವರಿದಿದೆಯೇ ಎಂದು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿ ನೋಡಬೇಕು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಇಂತಿಷ್ಟು. ಜೊತೆಗೆ ನನ್ನ ತಮ್ಮನ ಮೊಬೈಲಿನಲ್ಲಿ ನನ್ನ ಸೆಳವಿನ ಒಂದು ನಿಮಿಷದ ವಿಡಿಯೊ ಇದೆ. ಕಳೆದ ವರ್ಷ ಹೋಗಬೇಕಾಗಿ ಬಂದಾಗ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆ ಅದನ್ನು ಅರ್ಧ ನೋಡುತ್ತಲೇ ಎದ್ದು ಹಿರಿಯರಿಗೆ ಫೋನ್ ಮಾಡಿದರು. ನಾನು ಬಾಯಿಮಾತಿನಲ್ಲಿ ವಿವರಿಸಿದ್ದರೆ ಹಾಗೆ ಆಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಶಾಲೆಯಲ್ಲಿ ಎಲ್ಲರಿಗೂ ಹೇಳಬೇಕಾಗಿಲ್ಲ. ಪಕ್ಕದ ತರಗತಿಯ ಒಬ್ಬ ಸಹೋದ್ಯೋಗಿಗೆ ಮಾತ್ರ ವೈದ್ಯರು ಬರೆದುಕೊಡುವ ಹಾಳೆಯ ಒಂದು ಪ್ರತಿ ಕೊಡಿ.
— ಒಬ್ಬ ಓದುಗಳು, ಮಂಗಳೂರು

*

ತಂಗಿ, ನಾನು ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಹಾಳೆ ಬರೆಸಿಕೊಳ್ಳುವವರೆಗೆ ನೀವು ಬರಿಗೈಯಲ್ಲಿ ಇರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಮೈ ಪೂರ್ತಿ ಅದುರುವ ಸೆಳವು 5 ನಿಮಿಷ, ಪ್ರಜ್ಞೆ ಮಸುಕಾಗುವ ಭಾಗಶಃ ಸೆಳವು 10 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಂಭವ ಕಡಿಮೆಯೆಂದು ಅಂತರರಾಷ್ಟ್ರೀಯ ತಜ್ಞರ ಒಕ್ಕೂಟವು 2015ರಲ್ಲಿ ನಿಗದಿಪಡಿಸಿತು. ಈ ಹತ್ತು ನಿಮಿಷವನ್ನು ಮನೆಯಲ್ಲಿ ಕುಳಿತು ಕಾಯಲು ಕೊಟ್ಟ ಅವಕಾಶವೆಂದು ತಿಳಿಯಬೇಡಿ, ಐದಕ್ಕೇ ಹೊರಡಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ತಿಳಿವು ಪೂರ್ತಿ ಮರಳದಿದ್ದರೆ, ಭಾಗಶಃ ಬರುತ್ತಿದ್ದದ್ದು ಮೈಯೆಲ್ಲ ಅದುರುವುದಕ್ಕೆ ತಿರುಗಿದರೆ, ಉಸಿರು ಕಷ್ಟವಾದರೆ, ತಲೆಗೆ ಪೆಟ್ಟು ಬಿದ್ದರೆ, ನೀರಿನಲ್ಲಿದ್ದಾಗ ಬಂದರೆ, ಜ್ವರದ ಜೊತೆ ವಿಪರೀತ ತಲೆನೋವು ಇದ್ದರೆ ಎಣಿಕೆಯನ್ನೇ ಮಾಡಬೇಡಿ, ಒಂದಕ್ಕೇ ಹೊರಡಿ. ಗರ್ಭಿಣಿಯರಿಗೂ ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು.

ನಿಮ್ಮ ಮನೆಯವರಿಗೆ ಒಂದು ಮಾತು ತಿಳಿಸಿ. ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು, ಬಾಯಿಗೆ ನೀರು ಸುರಿಯುವುದು ಇವೆಲ್ಲದರಿಂದ ಸೆಳವು ನಿಲ್ಲುವುದಿಲ್ಲ. ನೀರು ಶ್ವಾಸನಾಳಕ್ಕೆ ಹೋದವರನ್ನು ನಾನೇ ನೋಡಿದ್ದೇನೆ. ಎದ್ದು ಓಡಾಡುತ್ತಿದ್ದರೆ ಹಿಡಿದು ಕೂರಿಸಲು ಹೋಗಬಾರದು, ಹಿಡಿದಷ್ಟೂ ಗಾಬರಿಯಿಂದ ಕೊಸರುತ್ತಾರೆ. ಮೆಟ್ಟಿಲು, ಒಲೆ, ಬಾವಿ ಇವುಗಳ ಕಡೆಗೆ ಹೋಗದಂತೆ ನಡುವೆ ನಿಂತು ಮೆಲುದನಿಯಲ್ಲಿ ಮಾತನಾಡಿಸಬೇಕು. ಬಿದ್ದು ಮೈ ಅದುರಿದರೆ, ಅದುರು ನಿಂತೊಡನೆ ಮಗ್ಗುಲಿಗೆ ಹೊರಳಿಸಬೇಕು. ಮೂಗಿನ ಸ್ಪ್ರೇಯನ್ನು ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಸಲವೂ ಹೆಚ್ಚು ಹಾಕಕೂಡದು, ಉಸಿರಾಟ ನಿಧಾನವಾಗುತ್ತದೆ.

ಸಾಲು ಏಕೆ ಶುರುವಾಯಿತು ಎಂದು ಹುಡುಕುವಾಗ ಉಪವಾಸವನ್ನೂ ಜಾಗರಣೆಯನ್ನೂ ಮರೆಯಬೇಡಿ. ಶಿವರಾತ್ರಿಯ ಮರುದಿನ ನಮ್ಮ ವಾರ್ಡಿಗೆ ಬರುತ್ತಿದ್ದವರು ಮಾತ್ರೆಯನ್ನೂ ಬಿಟ್ಟಿರುತ್ತಿದ್ದರು, ನಿದ್ದೆಯನ್ನೂ ಬಿಟ್ಟಿರುತ್ತಿದ್ದರು. ದೇವರ ಮೇಲೆ ಭಕ್ತಿಯಿರುವ ನನಗೆ ಅದು ಪ್ರತಿ ವರ್ಷವೂ ಸಂಕಟ ತರುತ್ತಿತ್ತು. ಬೇರೆ ಕಾಯಿಲೆಗೆ ಆ್ಯಂಟಿಬಯೋಟಿಕ್ ಬರೆಯುವ ವೈದ್ಯರಿಗೆ ಸೆಳವಿನ ವಿಷಯ ಹೇಳಿಯೇ ಮಾತ್ರೆ ತೆಗೆದುಕೊಳ್ಳಿ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ತಪ್ಪದೆ ನುಂಗಿದರೂ ಸೆಳವು ಹತೋಟಿಗೆ ಬರದಿದ್ದರೆ, ಮೂರನೆಯದು ನಾಲ್ಕನೆಯದು ಎಂದು ವರ್ಷ ಕಳೆಯುವ ಬದಲು ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನಿಮ್ಹಾನ್ಸ್‌ನಂಥ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬೇಕು. ನಿಮ್ಮದು 11 ವರ್ಷದ್ದಾದ್ದರಿಂದ ಈ ಪ್ರಶ್ನೆಯನ್ನು ಕೇಳಿಯೇ ಬನ್ನಿ.
— ನಿವೃತ್ತ ಶುಶ್ರೂಷಕಿ, ಬಾಗಲಕೋಟೆ

*

ಮಗಳ ವಯಸ್ಸಿನ ನಿಮಗೆ ಒಂದೇ ವಿಷಯ ತಿಳಿಸಬೇಕೆನಿಸಿತು. ನನ್ನ ಮಗನಿಗೆ ಸೆಳವು ಬಂದ ದಿನಗಳನ್ನು ನಾನು ಬರೆದಿಟ್ಟದ್ದನ್ನು ನೋಡಿ ವೈದ್ಯರು, 'ಶನಿವಾರವೇ ಹೆಚ್ಚು ಇದೆಯಲ್ಲ, ಅಂದು ತಲೆಗೆ ಎಂಥ ನೀರು ಹಾಕುತ್ತೀರಿ?' ಎಂದರು. ಹಂಡೆಯ ಸುಡುನೀರನ್ನು ತಲೆಗೆ ಸುರಿದಾಗ ಬರುವ ಸೆಳವು ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣುವಂಥದೆಂದೂ, ನಿಮ್ಹಾನ್ಸ್‌ನ ವೈದ್ಯರು ಅದನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆಂದೂ ಅಂದು ತಿಳಿಯಿತು. ನಿಮ್ಮದು ಅದೇ ಆಗಿರಬೇಕೆಂದಿಲ್ಲ, ಆದರೆ ಬರೆದಿಡುವಾಗ ವಾರವನ್ನೂ ಬರೆಯಿರಿ. ಈಗ ಅವನು ಉಗುರುಬೆಚ್ಚಗಿನ ನೀರನ್ನು ಸಣ್ಣ ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳುತ್ತಾನೆ. ಬಚ್ಚಲಿನ ಒಳಗಿನ ಚಿಲಕವನ್ನು ಕಳಚಿಸಿದ್ದೇವೆ. ಸ್ನಾನ ಮುಗಿಯುವವರೆಗೆ ಅವನು ಒಳಗಿನಿಂದ ಮಾತನಾಡುತ್ತಲೇ ಇರಬೇಕೆಂಬುದು ನಮ್ಮಿಬ್ಬರ ಕರಾರು. ಮಾತು ನಿಂತರೆ ನಾನು ಕರೆಯುವುದಿಲ್ಲ, ಬಾಗಿಲು ತಳ್ಳುತ್ತೇನೆ.
— ಒಬ್ಬ ತಾಯಿ, ಮಂಡ್ಯ