ಸಹಾಯ ಬೇಕು: ಎರಡು ಭಾಷೆ ಬಲ್ಲ ಮಕ್ಕಳಿಗೆ ಶಾಲೆಯಿಂದ ಮಾನ್ಯತೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ತಾಲೂಕಿನ ಸರಕಾರಿ ಪ್ರೌಢಶಾಲೆಯೊಂದರ ಭಾಷಾ ಶಿಕ್ಷಕಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2011ರಲ್ಲಿ ಕಾನೂನು ಮಾಡಿ, ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯಲ್ಲಿಯೂ ಪ್ರಾವೀಣ್ಯ ತೋರಿದ ಪ್ರೌಢಶಾಲಾ ವಿದ್ಯಾರ್ಥಿಗಳ ಪ್ರಮಾಣಪತ್ರದ ಮೇಲೆ ವಿಶೇಷ ಮುದ್ರೆಯೊತ್ತುವ ಪದ್ಧತಿಯನ್ನು ತಂದಿತು; ಮನೆಯಲ್ಲಿ ಕಲಿತ ಭಾಷೆಗೂ ಅಲ್ಲಿ ಬೆಲೆಯಿದೆ. ನಮ್ಮ ಜಿಲ್ಲೆಗಳ ಕೆಲವು ಶಾಲೆಗಳಲ್ಲಿ ತುಳು ತೃತೀಯ ಭಾಷೆಯಾಗಿದ್ದರೂ, ಮನೆಯಲ್ಲಿ ಬ್ಯಾರಿ ಮಾತನಾಡಿ ಶಾಲೆಯಲ್ಲಿ ಸೊಗಸಾದ ಕನ್ನಡ ಪ್ರಬಂಧ ಬರೆಯುವ ಹುಡುಗಿಯ ಈ ಎರಡು ಬಗೆಯ ಸಾಮರ್ಥ್ಯ (ಅವಳ ಕನ್ನಡ ನನ್ನದಕ್ಕಿಂತ ಚೊಕ್ಕ) ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಈ ವರ್ಷ ಹತ್ತನೆಯ ತರಗತಿಯವರಿಗೆ ಶಾಲಾಮಟ್ಟದಲ್ಲಾದರೂ ಅಂಥದೊಂದು ಪತ್ರ ಕೊಡುವ ಆಸೆಯಿದೆ. ತುಳು, ಕೊಂಕಣಿ, ಬ್ಯಾರಿಗಳಲ್ಲಿ ಓದು, ಬರಹ, ಮಾತುಗಳ ಪರೀಕ್ಷೆ ರೂಪಿಸಬಲ್ಲವರು, ವಿಶೇಷವಾಗಿ ಕನ್ನಡ ಲಿಪಿಯ ಬ್ಯಾರಿ ಬರಹವನ್ನು ತಿದ್ದಬಲ್ಲವರು, ದಯವಿಟ್ಟು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.