ಅಪ್‌ಡೇಟ್: ಮೂರು ಷರತ್ತಿನ ಲುಕಪ್ ಸರಿಹೋಯಿತು

ಎಕ್ಸೆಲ್‌ನ ಅಡಿಕೆ ದರದ ಶೀಟಲ್ಲಿ ಮಾರುಕಟ್ಟೆ, ಬಗೆ, ದಿನಾಂಕ ಮೂರೂ ಹೊಂದುವ ಸಾಲಿನ ದರ ಬೇಕು, ಹುಡುಕಿ ತರುವ ಸೂತ್ರ ವಿಲುಕಪ್ (VLOOKUP) ಸುಮ್ನೆ ಶಿವಮೊಗ್ಗದ ಮೊದಲ ಸಾಲನ್ನೇ ತರುತ್ತಿದೆ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಅದರ ಹೊಸ ರೂಪವಾದ ಎಕ್ಸ್‌ಲುಕಪ್‌ಗೆ (XLOOKUP) ಹುಡುಕಲು 1 ಕೊಟ್ಟೆ. ಎಲ್ಲಿ ಹುಡುಕಬೇಕು ಅನ್ನುವ ಜಾಗದಲ್ಲಿ ಮೂರು ಷರತ್ತನ್ನೂ ಬೇರೆ ಬೇರೆ ಬ್ರಾಕೆಟ್‌ನಲ್ಲಿಟ್ಟು ಗುಣಿಸಿದೆ. ಷರತ್ತು ಹೊಂದಿದರೆ 1, ಇಲ್ಲದಿದ್ದರೆ 0. ಮೂರೂ ಹೊಂದಿದ ಸಾಲಿಗೆ ಮಾತ್ರ 1 ಉಳಿಯುತ್ತದೆ.

ಆದರೂ ‘ರಾಶಿ’ ಅನ್ನುವ ಬಗೆಯ ಅಡಿಕೆಗೆ ಎನ್‌ಎ (ಸಿಗಲಿಲ್ಲ ಅನ್ನುವ) ಎರರ್! ಪೇಸ್ಟ್ ಮಾಡಿದ ಡೇಟಾದಲ್ಲಿ ಹೆಸರಿನ ಕೊನೆಗೊಂದು ಸ್ಪೇಸ್ ಕೂತಿತ್ತು. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಹಾಕಿದ ಮೇಲೆ ದರ ಬಂತು.

ಷರತ್ತು ಹೊಂದುವ ಸಾಲುಗಳನ್ನು ಕೂಡಿಸುವ ಸಮ್‌ಇಫ್ಸ್ (SUMIFS) ಸುಲಭ, ನಿಜ. ಆದರೆ ಒಂದೇ ಸಾಲು ಎರಡು ಸಲ ಇದ್ದರೆ ದರವೂ ಡಬಲ್ ಆಗುತ್ತದೆ ಅಲ್ವಾ? ಅದಕ್ಕೇ ಬಿಟ್ಟೆ. ಎಕ್ಸೆಲ್ 2016 ಇರುವವರಿಗೆ ಎಕ್ಸ್‌ಲುಕಪ್ ಸಿಗಲ್ಲ. ಅದರ ಬದಲು ಇಂಡೆಕ್ಸ್, ಮ್ಯಾಚ್ ಎರಡೂ ಸೂತ್ರ ಸೇರಿಸಿ ಬರೆದು ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿ.