‘ಗ್ರೌಂಡ್ ಸ್ಕೂಲ್’ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆಯೇ ಬೋರ್ಡಿಗೆ ಬೇಕು

ಅಶೋಕನಗರ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು.

ನಮ್ಮಣ್ಣನ ಮಗ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತಗೊಂಡು ಕೆಲಸಕ್ಕೆ ಕಾಯುತ್ತಿದ್ದಾನೆ. ಸುಮ್ನೆ ಕೂರೋದು ಯಾಕೆ ಅಂತ ನಮ್ಮ ಮನೆ ಮಹಡಿ ರೂಮಿನಲ್ಲಿ ಹುಡುಗರಿಗೆ ಪಾಠ ಶುರು ಮಾಡುತ್ತಿದ್ದಾನೆ. ಪೈಲಟ್ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸೋ ಪರೀಕ್ಷೆಯ ಪಾಠ ಅಷ್ಟೇ: ನ್ಯಾವಿಗೇಷನ್, ಹವಾಮಾನ, ಹಾರಾಟದ ನಿಯಮಗಳು, ವಿಮಾನದ ಟೆಕ್ನಿಕಲ್ ಪೇಪರುಗಳು. ಒಂದೊಂದರಲ್ಲೂ ನೂರಕ್ಕೆ 70 ಬರಬೇಕು. ಎಸೆಸೆಲ್ಸಿಯಲ್ಲಿ 35 ಬಂದರೆ ಬೆಲ್ಲ ಹಂಚಿದ ನನಗೆ ಅದನ್ನ ಕೇಳಿಯೇ ತಲೆ ಸುತ್ತಿತು. ಹಾರಿಸೋದನ್ನ ಇಲ್ಲಿ ಕಲಿಸುವುದಿಲ್ಲ. ಲೈಸೆನ್ಸಿಗೆ ಬೇಕಾದ 200 ಗಂಟೆಯ ಹಾರಾಟಕ್ಕೆ ಒಪ್ಪಿಗೆ ಪಡೆದ ಫ್ಲೈಯಿಂಗ್ ಸ್ಕೂಲಿಗೇ ಹೋಗಬೇಕು. ಇಲ್ಲಿ ನಡೆಯೋದಕ್ಕೆ ಅವರೆಲ್ಲ ಗ್ರೌಂಡ್ ಸ್ಕೂಲ್ ಅಂತಾರೆ.

ಈಗ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕಲ್ಲ. ಅಂಗಡಿ ಹುಡುಗ ಫೋನಿನಲ್ಲೇ ಅನುವಾದ ಮಾಡಿ ‘ನೆಲದ ಶಾಲೆ’ ಅಂತ ಸ್ಕ್ರೀನ್ ಮೇಲೆ ಹಾಕಿ ತೋರಿಸಿದ. ಪಕ್ಕದಲ್ಲಿ ಮದುವೆ ಬ್ಯಾನರಿಗೆ ಕಾಯುತ್ತಿದ್ದ ಯಜಮಾನರೊಬ್ಬರು ಬಗ್ಗಿ ನೋಡಿದರು. “ಜಮೀನು ಪೋಡಿ ಮಾಡ್ಸೋದು ಇಲ್ಲೇ ಹೇಳ್ಕೊಡ್ತಾರಾ? ನಮ್ದು ಎರಡು ಎಕರೆ ಮೂರು ವರ್ಷದಿಂದ ಹಂಗೇ ನಿಂತದೆ” ಅಂದರು. ‘ಭೂ ಶಾಲೆ’ ಅಂದರೂ ಇದೇ ಗತಿ. ‘ಪೈಲಟ್ ತರಬೇತಿ ಕೇಂದ್ರ’ ಬೇಡ ಅಂತ ನಮ್ಮ ಹುಡುಗನೇ ಹೇಳುತ್ತಾನೆ. ವಿಮಾನ ಎಲ್ಲಿ ನಿಲ್ಲಿಸಿದ್ದೀರಿ ಅಂತ ಕೇಳಿದರೆ ಏನು ತೋರಿಸೋದು, ಅಲ್ವಾ?

ಒಂದೇ ಒಂದು ಪದ ಕೊಡಿ. ಎಂಟಡಿಗೆ ಮೂರಡಿ ಬೋರ್ಡ್, ಜಾಸ್ತಿ ಜಾಗ ಇಲ್ಲ.

ತಿಪಟೂರಿನಿಂದ:

‘ಗ್ರೌಂಡ್ ಸ್ಕೂಲ್’ ಅಂತ ಕನ್ನಡ ಅಕ್ಷರದಲ್ಲಿ ಬರೆಸಿ. ಮುಗೀತು.

ಮಧುಗಿರಿಯಿಂದ:

ಮುಗಿಯಲಿಲ್ಲ. ಕನ್ನಡ ಲಿಪಿಯ ಅಂಗಿ ತೊಡಿಸಿದ ಮಾತ್ರಕ್ಕೆ ಇಂಗ್ಲಿಶ್ ಕನ್ನಡವಾಗುವುದಿಲ್ಲ. ವಿಮಾನಕ್ಕೆ ‘ಬಾನೋಡ’ ಅನ್ನುವ ಪದ ಆಗಲೇ ಬಳಕೆಯಲ್ಲಿದೆ. ಓಡ ಅಂದರೆ ದೋಣಿ, ಹಳಗನ್ನಡದ್ದು. ಬಾನೋಡ ನಡೆಸುವವನು ಬಾನೋಡಿಗ. ಓದುವ ಜಾಗ ಓದುಮನೆ. ‘ಬಾನೋಡಿಗರ ಓದುಮನೆ’ ಅಂತ ಹಾಕಿ. ವಿಮಾನ, ಶಾಲೆ ಎರಡೂ ಸಂಸ್ಕ್ರುತ, ಎರಡೂ ಬೇಡ.

ತಿಪಟೂರಿನಿಂದ:

‘ಬಾ ನೋಡಿಗ’ ಅಂತ ಓದಿಕೊಂಡು ಜಾತಕ ಹಿಡಿದು ಬರ್ತಾರೆ.

ಕೊರಟಗೆರೆಯಿಂದ:

ಇಬ್ಬರೂ ಸ್ವಲ್ಪ ನಿಧಾನಿಸಿ. ‘ಪೈಲಟ್’ ಪದದ ಬೇರನ್ನ ಯಾರೂ ಕೆದಕಲೇ ಇಲ್ಲ. ಅದು ಇಂಗ್ಲಿಷಿನ ಸ್ವಂತ ಆಸ್ತಿಯಲ್ಲ. ಫ್ರೆಂಚಿನಿಂದ ತಂದದ್ದು. ಫ್ರೆಂಚರು ಇಟಲಿಯವರಿಂದ ತಂದರು. ಅದರ ಹಿಂದೆ ಇರೋದು ಗ್ರೀಕಿನ ‘ಪೇಡೊನ್’, ಅಂದರೆ ದೋಣಿಯ ಹುಟ್ಟು. ಹಾಗಾಗಿ ಪೈಲಟ್ ಮೂಲದಲ್ಲಿ ಅಂಬಿಗ. ನ್ಯಾವಿಗೇಷನ್ನಿನಲ್ಲಿರೋ ‘ನಾವಿಸ್’ ಲ್ಯಾಟಿನ್ನಿನ ಹಡಗು, ನಮ್ಮ ನಾವೆಗೆ ಹತ್ತಿರದ ನೆಂಟ. ವೇಗ ಹೇಳೋ ನಾಟ್ ಇದೆಯಲ್ಲ, ಅದೂ ಹಡಗಿನವರು ಹಗ್ಗಕ್ಕೆ ಹಾಕುತ್ತಿದ್ದ ಗಂಟು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ವಿಮಾನದವರ ಮಾತೆಲ್ಲ ನೀರಿನಿಂದ ಎದ್ದು ಬಂದದ್ದು.

ಪಾಠವೂ ಅಷ್ಟೇ. ಹರಿಗೋಲು ಹಾಕೋನು ಎದುರು ದಡದ ಮರಕ್ಕೆ ನೇರವಾಗಿ ಮೂತಿ ಇಡಲ್ಲ. ಹರಿವಿಗೆ ಎದುರಾಗಿ ಸ್ವಲ್ಪ ಮೇಲಕ್ಕೆ ಇಡ್ತಾನೆ. ನೀರು ಅವನನ್ನ ಎಳೆದು ತಂದು ಸರಿಯಾಗಿ ಮರದ ಬುಡಕ್ಕೇ ಬಿಡುತ್ತೆ. ಮೂತಿ ಇಟ್ಟದ್ದು ಹೆಡಿಂಗ್, ಸಾಗಿದ ದಾರಿ ಟ್ರ್ಯಾಕ್, ನಡುವೆ ಎಳೆದದ್ದು ಡ್ರಿಫ್ಟ್. ನೀರಿನ ಬದಲು ಗಾಳಿ, ಇಷ್ಟೇ ವ್ಯತ್ಯಾಸ. ಆದ್ದರಿಂದ ನನ್ನ ಸಲಹೆ ‘ಬಾನಂಬಿಗ ಶಾಲೆ’.

‘ವಿ ಅಂದರೆ ಹಕ್ಕಿ, ಮಾನ ಅಂದರೆ ಸಮಾನ, ಹಕ್ಕಿಯ ಹಾಗಿರೋದು ವಿಮಾನ’ ಅಂತ ಯಾರಾದರೂ ಹೇಳೋಕೆ ಬರಬಹುದು. ದಯವಿಟ್ಟು ಬೇಡ. ಅಲ್ಲಿರೋದು ಅಳೆಯೋ ‘ಮಾ’ ಧಾತು. ಗರ್ಭಗುಡಿಯ ಮೇಲೆ ಕಟ್ಟೋದಕ್ಕೂ ವಿಮಾನ ಅಂತಲೇ ಹೆಸರು. ಅದು ಹಾರಿದ್ದನ್ನ ಯಾರೂ ನೋಡಿಲ್ಲ.

ಗುಬ್ಬಿಯಿಂದ:

ಮೇಷ್ಟ್ರೇ, ಜಯಮಂಗಲಿಯಲ್ಲಿ ಹರಿಗೋಲು ಹಾಕಿದವರನ್ನೂ ಯಾರೂ ನೋಡಿಲ್ಲ. ನಮ್ಮ ಜಿಲ್ಲೆ ಹುಡುಗರಿಗೆ ವಿಮಾನಕ್ಕಿಂತ ಹರಿಗೋಲೇ ದೂರ.

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯ್ತಲ್ಲ. ಸುತ್ತಮುತ್ತ ಕುರಿ ಮೇಯಿಸೋರೂ ‘ಹೆಲಿಕಾಪ್ಟರ್ ಫ್ಯಾಕ್ಟ್ರಿ’ ಅಂತಾರೆ. ಯಾರಿಗೂ ಪದ ಕಡಿಮೆ ಬಿದ್ದಿಲ್ಲ. ಹುಡುಕಬೇಕಾಗಿರೋದು ಗ್ರೌಂಡ್ ಅನ್ನೋದಕ್ಕೆ ಮಾತ್ರ. ಸಂಗೀತದ ಜೂನಿಯರ್ ಪರೀಕ್ಷೆಯಲ್ಲಿ ಹಾಡೋದು ಬೇರೆ, ಬರೆಯೋ ಪೇಪರು ‘ಶಾಸ್ತ್ರ’. ಹಾಗೇ ‘ವಿಮಾನ ಶಾಸ್ತ್ರ ತರಗತಿ’ ಅಂದರೆ ಆಗಲ್ವಾ?

ಕೊರಟಗೆರೆಯಿಂದ:

ಹೋಲಿಕೆ ಚೆನ್ನಾಗಿದೆಯಮ್ಮ, ಪದ ಬೇಡ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಇದೆಯಲ್ಲ, ಜನಕ್ಕೆ ಮೊದಲು ಅದೇ ನೆನಪಾಗುತ್ತೆ. ಅದರಲ್ಲಿರೋ ವಿಮಾನಗಳು ಹಾರಲಾರವು ಅಂತ ಐಐಎಸ್‌ಸಿಯ ಮೇಷ್ಟ್ರುಗಳು 1974ರಲ್ಲೇ ಲೆಕ್ಕ ಹಾಕಿ ಬರೆದಿದ್ದಾರೆ. ಪೈಲಟ್ ಆಗೋ ಹುಡುಗರ ತಲೆ ಮೇಲೆ ಅಂಥ ಬೋರ್ಡ್ ಯಾಕೆ.

ಮಧುಗಿರಿಯಿಂದ:

ಕುರಿ ಮೇಯಿಸುವವರೂ ಹೆಲಿಕಾಪ್ಟರ್ ಅನ್ನುವುದು ಪದ ಕಡಿಮೆ ಬಿದ್ದಿಲ್ಲ ಅನ್ನುವುದಕ್ಕೆ ಸಾಕ್ಶಿಯೋ, ಬಿದ್ದಿದೆ ಅನ್ನುವುದಕ್ಕೋ? ಹೀಗೇ ಬಿಟ್ಟರೆ ಮುಂದೆ ‘ಅನ್ನು’, ‘ಇಂದ’, ‘ಗೆ’ ಇಷ್ಟೇ ಕನ್ನಡ. ಉಳಿದದ್ದೆಲ್ಲ ಬಾಡಿಗೆ.

ತಿಪಟೂರಿನಿಂದ:

ಹವಾಮಾನ ಅಂತ ಆಕಾಶವಾಣಿ ಹೇಳುವಾಗ ನಿಮಗೆ ನೋವಾಗಲ್ಲ. ಹವಾ ಅರಬ್ಬಿ, ಮಾನ ಸಂಸ್ಕೃತ. ಎಷ್ಟು ಚೆನ್ನಾಗಿ ಸಂಸಾರ ಮಾಡ್ತಿವೆ. ಅರ್ಜಿ, ಜಮೀನು, ಕಾಯಂ, ಜಿಲ್ಲೆ, ತಾಲ್ಲೂಕು ಎಲ್ಲವೂ ಹೊರಗಿನವೇ. ಮೊದಲು ನಿಮ್ಮ ತಾಲ್ಲೂಕಿಗೆ ಒಂದು ಅಚ್ಚಗನ್ನಡ ಹೆಸರಿಟ್ಟು ಬನ್ನಿ. ಆಮೇಲೆ ಪೈಲಟ್ ಬಗ್ಗೆ ಮಾತಾಡೋಣ.

ಪಾವಗಡದಿಂದ:

ನಮ್ಮ ಮನೆಯಲ್ಲಿ ಅರ್ಧ ದಿನ ತೆಲುಗು. ಹಾಗಾಗಿ ಅಚ್ಚಗನ್ನಡದ ಪಂಚಾಯ್ತಿಗೆ ನಾನು ಬರಲ್ಲ. ಅಶೋಕನಗರದವರೇ, ನಿಮಗೊಂದು ಪ್ರಶ್ನೆ. ಆ ಹುಡುಗ ಪುಸ್ತಕ ಹಿಡಿದು ಕೂತಿದ್ದ ದಿನಗಳಲ್ಲಿ ಅಕ್ಕಪಕ್ಕದವರು ಕೇಳಿದರೆ ನಿಮ್ಮ ಅತ್ತಿಗೆ ಏನು ಹೇಳುತ್ತಿದ್ದರು? ‘ಪೈಲಟ್ ಓದ್ತಾವ್ನೆ’ ಅಂತ ತಾನೇ?

‘ಲಾಯರ್ ಓದಿದ’, ‘ಮಗಳನ್ನ ಡಾಕ್ಟರ್ ಓದಿಸಿದ’ ಅಂತೀವಿ. ‘ಡ್ರೈವರ್ ಓದಿದ’ ಅಂತ ಯಾರೂ ಅನ್ನಲ್ಲ. ಡ್ರೈವಿಂಗ್ ಕಲಿತ ಅಂತಾರೆ. ಈಜು ಕಲಿತ, ಹೊಲಿಗೆ ಕಲಿತ. ಪುಸ್ತಕ ಇದ್ದ ಕಡೆ ಓದು, ಕೈಕಾಲು ಆಡೋ ಕಡೆ ಕಲಿ. ನಿಮಗೆ ಬೇಕಾದ ಗೆರೆಯನ್ನ ಈ ಎರಡು ಕ್ರಿಯಾಪದಗಳೇ ಎಳೆದಿಟ್ಟಿವೆ. ಗ್ರೌಂಡನ್ನ ಅನುವಾದ ಮಾಡೋಕೇ ಹೋಗಬೇಡಿ. ಅದು ಹಾರಾಟ ಅಲ್ಲ ಅಂತ ಹೇಳೋಕೆ ಅವರು ಇಟ್ಟುಕೊಂಡ ಗುರುತು. ‘ಪೈಲಟ್ ಓದು’ ಅಂತ ಬರೆಸಿ.

ಮಧುಗಿರಿಯಿಂದ:

ಓದು ಸರಿ. ಪೈಲಟ್‌ಗೆ ನನ್ನ ಒಪ್ಪಿಗೆ ಇಲ್ಲ.

ತಿಪಟೂರಿನಿಂದ:

ಇದು ಅರಿಸಮಾಸ ಆಗಲಿಲ್ವಾ?

ಕೊರಟಗೆರೆಯಿಂದ:

ಅರಿಸಮಾಸದ ತಕರಾರು ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಿದಾಗ. ಗ್ರೀಕಿನವರ ಮೇಲೆ ನಮ್ಮ ವ್ಯಾಕರಣಕಾರರು ಕೇಸು ಹಾಕಿಲ್ಲ. ನಡೆಯುತ್ತೆ. ಅಂಬಿಗ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಅಶೋಕನಗರದಿಂದ:

ಅತ್ತಿಗೆಯನ್ನೇ ಕೇಳಿದೆ. “ಪೈಲಟ್ ಓದ್ತಾವ್ನೆ ಅಂತಿದ್ದೆ, ಇನ್ನೇನಂತಾರೆ?” ಅಂದರು. ನಾನೇನೋ ಕೇಳಬಾರದ್ದು ಕೇಳಿದೆ ಅನ್ನೋ ಹಾಗೆ ನೋಡಿದರು.

ಮ್ಯಾಟರ್ ಕೊಟ್ಟಾಯ್ತು. ಮೇಲೆ ದೊಡ್ಡದಾಗಿ ‘ಪೈಲಟ್ ಓದು’. ಅದರ ಕೆಳಗೆ ‘ಡಿಜಿಸಿಎ ಪರೀಕ್ಷೆಗಳಿಗೆ ಪಾಠ. ಹಾರಾಟದ ತರಬೇತಿ ಇಲ್ಲ’. ಇಂಗ್ಲಿಷು ಕೆಳಗಡೆ ಚಿಕ್ಕದಾಗಿ. ಅಂಗಡಿ ಹುಡುಗ ಕೇಳದೆಯೇ ಒಂದು ದೊಡ್ಡ ಜೆಟ್ ಚಿತ್ರ ಹಾಕಿದ್ದ. ಪುಸ್ತಕದ ಚಿತ್ರ ಹಾಕಪ್ಪ ಅಂದೆ. ಬೇಜಾರು ಮಾಡಿಕೊಂಡ.

ಪಾವಗಡದವರಿಗೆ ದೊಡ್ಡ ನಮಸ್ಕಾರ. ಹಾಗೇ ಇನ್ನೊಂದು ಪದ ಬೇಕು, ಅವಸರ ಇಲ್ಲ. ಹುಡುಗನ ನೋಟ್ಸಿನಲ್ಲಿ ‘ಸ್ಟಾಲ್’ ಅಂತ ಬರುತ್ತೆ. ನಾನು ಪಾನಿಪುರಿ ಅಂಗಡಿ ಅಂದುಕೊಂಡೆ, ಬಿಡಿ. ಅದನ್ನ ಎಂಜಿನ್ ನಿಂತುಹೋಗೋದು ಅಂತ ಬರೆಯೋರೂ ಇದ್ದಾರಂತೆ. ಹಾಗಲ್ಲ ಚಿಕ್ಕಪ್ಪ ಅಂತ ಟೇಬಲ್ ಫ್ಯಾನ್ ಮುಂದೆ ನೋಟ್‌ಬುಕ್ಕಿನ ರಟ್ಟು ಹಿಡಿದು ತೋರಿಸಿದ. ಮುಂದಿನ ಅಂಚನ್ನ ಸ್ವಲ್ಪ ಮೇಲೆತ್ತಿದರೆ ರಟ್ಟು ಕೈಯನ್ನೇ ಮೇಲಕ್ಕೆ ಎಳೆಯುತ್ತೆ. ಇನ್ನೂ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಪಟಪಟ ಅಂತ ನಡುಗಿ, ಮೇಲೆತ್ತೋದು ಬಿಟ್ಟು ಸುಮ್ನೆ ಹಿಂದಕ್ಕೆ ತಳ್ಳುತ್ತೆ. ಬಹಳಷ್ಟು ರೆಕ್ಕೆಗಳಿಗೆ ಆ ಹಂತ ಸುಮಾರು 15 ಡಿಗ್ರಿಯಂತೆ. ಎಂಜಿನ್ ಪಾಡಿಗೆ ಎಂಜಿನ್ ಓಡುತ್ತಲೇ ಇರುತ್ತೆ. ಇದಕ್ಕೆ ಏನನ್ನೋದು?

ತಿಪಟೂರಿನಿಂದ:

ಸ್ಟಾಲ್.

ಪಾವಗಡದಿಂದ:

ಮೂಟೆ ಹೊತ್ತು ಹೊತ್ತು ಕೈ ಸೋತಿತು ಅಂತೀವಲ್ಲ. ಕೈ ಇರುತ್ತೆ, ಎತ್ತೋಕೆ ಆಗಲ್ಲ. ಹಾಗೇ ‘ರೆಕ್ಕೆ ಸೋಲು’.

ಮಧುಗಿರಿಯಿಂದ:

ರೆಕ್ಕೆಸೋಲು. ಎರಡೂ ಕನ್ನಡದವೇ. ಬಿಡಿಸಿ ಬರೆಯಬೇಡಿ.